ರೊಟ್ಟಿ ಮೆತ್ತಗಾಗುವ ಊರಿಗೆ

ಖಡಕ್ ರೊಟ್ಟಿಗೆ ಕೇಡಿಲ್ಲ, ಡಬ್ಬಿಯಲ್ಲಿಟ್ಟರೆ ತಿಂಗಳು ಕಳೆದರೂ ಮುರಿದಾಗ ಚಟ್ಟೆನ್ನುತ್ತದೆ ಎಂಬುದು ಹಾವೇರಿ ಸೀಮೆಯ ಹಂಸಭಾವಿ, ಹಿರೇಕೆರೂರು ಕಡೆಯ ಅಡುಗೆಮನೆಗಳ ನಂಬಿಕೆ. ಈ ನಂಬಿಕೆ ಸುಳ್ಳಾಗುವುದು ದೇವಿಮನೆ ಘಟ್ಟ ಇಳಿದು ಕರಾವಳಿ ಸೇರಿದ ಮೇಲೆ. ಸಂಜೆ ಗೋಕರ್ಣದಲ್ಲಿ ಬುತ್ತಿಯ ಗಂಟು ಬಿಚ್ಚಿ, ಅರ್ಧ ಉಂಡು, ಉಳಿದ ರೊಟ್ಟಿಯನ್ನು ಅರಿವೆಯಲ್ಲೇ ಸುತ್ತಿಟ್ಟು ಮಲಗಿದರೆ ಬೆಳಿಗ್ಗೆ ಕೈಗೆ ಸಿಗುವುದು ಮುರಿಯದೆ ಬಾಗುವ, ಜಗಿದಷ್ಟೂ ಮುಗಿಯದ ಒಂದು ಪದಾರ್ಥ. ಅದು ಕೆಟ್ಟಿರುವುದಿಲ್ಲ. ರಾತ್ರಿಯಿಡೀ ಗಾಳಿಯಲ್ಲಿದ್ದ ನೀರು ಕುಡಿದಿರುತ್ತದೆ, ಅಷ್ಟೆ.

ಕರಾವಳಿಗೆ ಹೊರಟ ಬಯಲುಸೀಮೆಯವರಿಗೆ ಇದಕ್ಕಿಂತ ಸರಿಯಾದ ಹವಾಮಾನ ವರದಿ ಬೇಕಿಲ್ಲ. ಹಂಸಭಾವಿಯಿಂದ ಹಾನಗಲ್, ಶಿರಸಿ ಮಾರ್ಗವಾಗಿ ಕುಮಟಾದ ಸಮುದ್ರಕ್ಕೆ ಹೆಚ್ಚೂಕಡಿಮೆ ನೂರೈವತ್ತು ಕಿ.ಮೀ. ಬೆಳಿಗ್ಗೆ ಚಹಾ ಕುಡಿದು ಹೊರಟವರು ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ದೂರ ಇಷ್ಟೇ ಎಂದು ತಯಾರಿಯೂ ಇಷ್ಟೇ ಆಗುತ್ತದೆ. ಆದರೆ ಆ ದಾರಿಯ ಕೊನೆಯ ಭಾಗದಲ್ಲಿ ಬಸ್ಸು ಸುಮಾರು ಐನೂರು ಮೀಟರ್ ಕೆಳಗಿಳಿದಿರುತ್ತದೆ. ಬದಲಾಗುವುದು ಬರೀ ಎತ್ತರವಲ್ಲ. ಬೆವರು, ಬಟ್ಟೆ, ನಿದ್ದೆ, ನೀರಡಿಕೆ ಎಲ್ಲದರ ಲೆಕ್ಕವೂ ಬದಲಾಗುತ್ತದೆ.

ಹಾವೇರಿ ಸೀಮೆಯವರು ಸಮುದ್ರಕ್ಕೆ ಹೋಗುವ ಕಾಲ ಎಂದರೆ ಶಿವರಾತ್ರಿಯಿಂದ ಹೋಳಿ ಹುಣ್ಣಿಮೆಯ ತನಕ. ಗೋವಿನಜೋಳ ಮಾರಿ ಆಗಿರುತ್ತದೆ, ಬಿಳಿಜೋಳದ ಸುಗ್ಗಿ ಮುಗಿಯುತ್ತಿರುತ್ತದೆ, ಬ್ಯಾಡಗಿ ಪೇಟೆ ಮೆಣಸಿನಕಾಯಿ ಘಾಟಿನಲ್ಲಿ ಸೀನುತ್ತಿರುತ್ತದೆ. ಕೈಯಲ್ಲಿ ನಾಲ್ಕು ಕಾಸು, ಮೈಗೆ ಬಿಡುವು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತಿನಂತೆ ಹವೆಯೂ ಹೊರಳುತ್ತಿರುತ್ತದೆ. ಗೋಕರ್ಣದ ತೇರು, ಮುರ್ಡೇಶ್ವರದ ದರ್ಶನ, ದಾರಿಯಲ್ಲಿ ಶಿರಸಿಯ ಮಾರಿಕಾಂಬೆಗೆ ಹಣ್ಣುಕಾಯಿ. ‘ಟೂರು’ ಎಂದರೂ ಅದರ ಬೆನ್ನಿಗೆ ದೇವರು ಇದ್ದೇ ಇರುತ್ತಾನೆ.

2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಈ ಪ್ರಯಾಣದ ಚಹರೆ ಬದಲಾಗಿದೆ. ಮೊದಲು ಗಂಡಸರ ಬಿಡುವು ನೋಡಿ ಹೊರಡುತ್ತಿದ್ದ ಹೆಣ್ಣುಮಕ್ಕಳು ಈಗ ತಾವೇ ಸಂಘ ಕಟ್ಟಿಕೊಂಡು, ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸು ಹತ್ತಿ ಶಿರಸಿ, ಕುಮಟಾ, ಗೋಕರ್ಣ ಮುಗಿಸಿ ಬರುತ್ತಾರೆ. ಹಾಗಾಗಿ ಚೀಲಕ್ಕೆ ಹಾಕುವ ಮೊದಲ ವಸ್ತು ಆಧಾರ್ ಕಾರ್ಡು. ಅದು ಬಟ್ಟೆಯ ಗಂಟಿನ ತಳದಲ್ಲಿರಬಾರದು, ಕೈಗೆ ಸಿಗುವ ಪರ್ಸಿನಲ್ಲಿರಬೇಕು. ಶೂನ್ಯ ಟಿಕೆಟ್ಟಿಗೂ ಗುರುತು ಬೇಕು. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಈ ಸೌಲಭ್ಯ ಇಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ಗೊತ್ತಾದರೆ ಸಂಘದ ಮುಖಂಡತಿಗೆ ಮಂಗಳಾರತಿ ಖಾತ್ರಿ.

ಇನ್ನು ಹವೆಯ ಮಾತು. ಫೆಬ್ರುವರಿ ಕೊನೆ, ಮಾರ್ಚ್ ಮೊದಲ ವಾರಗಳಲ್ಲಿ ಹಾವೇರಿ ಸೀಮೆಯ ಮಧ್ಯಾಹ್ನದ ಉಷ್ಣಾಂಶ 34-35 ಡಿಗ್ರಿ ಮುಟ್ಟುತ್ತದೆ. ಕುಮಟಾ, ಕಾರವಾರಗಳಲ್ಲಿ ಅದೇ ಹೊತ್ತಿಗೆ 32-33. ಅಂದರೆ ಥರ್ಮಾಮೀಟರಿನ ಲೆಕ್ಕದಲ್ಲಿ ಸಮುದ್ರದ ದಂಡೆಯೇ ತಂಪು! ಇದನ್ನು ನಂಬಿ ಹೋದವರು ಬಸ್ಸಿಳಿದ ಹತ್ತೇ ನಿಮಿಷದಲ್ಲಿ ಅಂಗಿಯ ಗುಂಡಿ ಬಿಚ್ಚುತ್ತಾರೆ. ಮೈ ತಂಪಾಗುವುದು ಬೆವರು ಹರಿದಾಗ ಅಲ್ಲ, ಬೆವರು ಆರಿದಾಗ. ಬಯಲುಸೀಮೆಯ ಮಾರ್ಚ್ ಮಧ್ಯಾಹ್ನದಲ್ಲಿ ಗಾಳಿಯ ತೇವಾಂಶ ಶೇ 30ರ ಆಸುಪಾಸಿಗೆ ಇಳಿಯುವುದರಿಂದ ಬೆವರು ಬಂದದ್ದೇ ಗೊತ್ತಾಗದಂತೆ ಆರಿಹೋಗುತ್ತದೆ. ಕರಾವಳಿಯಲ್ಲಿ ಅದು ಮಧ್ಯಾಹ್ನವೂ ಶೇ 60ರ ಸುತ್ತಲೇ ಇರುತ್ತದೆ. ಬೆವರು ಹರಿಯುತ್ತದೆ, ಆರುವುದಿಲ್ಲ. ರೊಟ್ಟಿ ಮೆತ್ತಗಾಗುವುದೂ, ಬನಿಯನ್ ಮೈಗೆ ಅಂಟುವುದೂ ಒಂದೇ ಕಾರಣಕ್ಕೆ.

ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ನೆಲದತ್ತ ಗಾಳಿ ಬೀಸತೊಡಗಿದರೆ ಜೀವಕ್ಕೆ ಸಮಾಧಾನ. ನೆಲ ಬೇಗ ಕಾಯುತ್ತದೆ, ನೀರು ನಿಧಾನಕ್ಕೆ. ಕಾದ ನೆಲದ ಮೇಲಿನ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಸಮುದ್ರದ ತಂಪುಗಾಳಿ ನುಗ್ಗುತ್ತದೆ. ತೊಂದರೆ ಬರುವುದು ಈ ಗಾಳಿ ತಡವಾದ ದಿನ. ಮೂಡಣದ ಒಣಗಾಳಿ ಘಟ್ಟ ಇಳಿದು ದಂಡೆಯವರೆಗೂ ಬಂದು ಕಡಲ ಗಾಳಿಯನ್ನು ತಡೆದರೆ ಪಾದರಸ ಒಮ್ಮೆಗೇ ಮೇಲೇರುತ್ತದೆ. 2025ರ ಶಿವರಾತ್ರಿ ಫೆಬ್ರುವರಿ 26ಕ್ಕೆ ಬಂದಿತ್ತು. ಅದೇ ದಿನಗಳಲ್ಲಿ ಹವಾಮಾನ ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಮುನ್ನೆಚ್ಚರಿಕೆ ಕೊಟ್ಟಿತ್ತು. ಬಯಲಿನಲ್ಲಿ 40 ಡಿಗ್ರಿ ಮುಟ್ಟದೆ ಬಿಸಿಗಾಳಿಯ ಮಾತೆತ್ತದ ಇಲಾಖೆ ಕರಾವಳಿಯಲ್ಲಿ 37ಕ್ಕೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ‘ನಮ್ಮೂರ ಬಿಸಿಲಿನ ಮುಂದೆ ಇದೇನು ಮಹಾ’ ಎನ್ನುವ ಹಾನಗಲ್ಲಿನ ಯಜಮಾನರಿಗೆ ಈ 3 ಡಿಗ್ರಿಯ ವ್ಯತ್ಯಾಸ ತಿಳಿದಿರಲಿ.

ಕಡಲ ದಂಡೆ ಎಂದರೆ ಎಲ್ಲೆಡೆ ಹೀಗೇ ಅಲ್ಲ, ಯುರೋಪಿನ ಲೆಕ್ಕವೇ ಬೇರೆ. ಮಾರ್ಚ್‌ನಲ್ಲಿ ಮೆಡಿಟರೇನಿಯನ್ ದಂಡೆಗೆ ಹೋಗುವ ಕನ್ನಡಿಗರು ಸ್ವೆಟರು, ಗಾಳಿ ತಡೆಯುವ ಕೋಟು, ಕೊಡೆ ಹೊರಬೇಕು. ಬಿಸಿಲು ಚೆನ್ನಾಗಿ ಬಿದ್ದರೂ ಅಲ್ಲಿಯ ನೀರು 14-16 ಡಿಗ್ರಿ. ಕಾಲಿಟ್ಟರೆ ಮೂಳೆ ಕೊರೆಯುತ್ತದೆ. ಅರಬ್ಬಿ ಸಮುದ್ರ ಇದೇ ತಿಂಗಳಲ್ಲಿ 28 ಡಿಗ್ರಿಯ ಸುತ್ತ, ಹದವಾಗಿ ಕಾಸಿದ ಸ್ನಾನದ ನೀರಿನಂತೆ. ಗೋಕರ್ಣದ ಕುಡ್ಲೆ ದಂಡೆಯಲ್ಲಿ ಚಾಪೆ ಹಾಸಿ ಮಲಗಿರುವ ಪರದೇಶಿಗರು ಅಷ್ಟು ದೂರದಿಂದ ಬಂದದ್ದು ಏಕೆ ಎಂದು ಬೆರಗಾಗುವ ಅಜ್ಜಿಯರಿಗೆ ಉತ್ತರ ಇಲ್ಲಿದೆ. ಅವರ ಕಡಲು ಇನ್ನೂ ಎದ್ದಿರುವುದಿಲ್ಲ.

ಹಾಗಾದರೆ ಚೀಲದಲ್ಲಿ ಏನಿರಬೇಕು? ಏನಿರಬಾರದು ಎಂಬುದರಿಂದ ಶುರು ಮಾಡುವುದು ಸುಲಭ. ಕೌದಿ ಬೇಡ. ಎಲ್ಲಿಗೆ ಹೋದರೂ ಕೌದಿ ಹೊತ್ತೊಯ್ಯುವುದು ಈ ಸೀಮೆಯ ರೂಢಿ. ಗೋಕರ್ಣದ ರಾತ್ರಿಗೆ ಒಂದು ತೆಳು ಪಂಚೆ ಹೆಚ್ಚು. ಶಿರಸಿಯಲ್ಲಿ ತಂಗುವುದಾದರೆ ಮಾತ್ರ ಶಾಲು ಇರಲಿ, ಘಟ್ಟದ ಮೇಲೆ ಫೆಬ್ರುವರಿಯ ಬೆಳಗಿನ ಜಾವ ಇನ್ನೂ ನಡುಗಿಸುತ್ತದೆ. ಪಾಲಿಸ್ಟರ್ ಸೀರೆ, ಟೆರಿಕಾಟ್ ಅಂಗಿ ಬೇಡ. ಹಳೆಯ, ಒಗೆದೊಗೆದು ಮೆತ್ತಗಾದ ಹತ್ತಿಬಟ್ಟೆ ಬೇಕು. ಅದೂ ಎಣಿಸಿದ್ದಕ್ಕಿಂತ ಒಂದು ಜೊತೆ ಹೆಚ್ಚು, ಏಕೆಂದರೆ ಅಲ್ಲಿ ಒಗೆದದ್ದು ಒಣಗುವುದು ನಿಧಾನ. ಸಮುದ್ರದಲ್ಲಿ ನೆನೆದ ಬಟ್ಟೆಯಂತೂ ಒಣಗಿದಂತೆ ಕಂಡರೂ ಸಂಜೆಗೆ ಮತ್ತೆ ತಣ್ಣಗೆ ಅಂಟತೊಡಗುತ್ತದೆ. ನೂಲಿನಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಸಿಹಿನೀರಿನಲ್ಲಿ ಒಮ್ಮೆ ಜಾಲಾಡಿ ಒಣಹಾಕಿದರೆ ಸರಿ. ಹಾಗೇ ಕವರಿಗೆ ತುರುಕಿ ಊರಿಗೆ ತಂದರೆ ಚೀಲವೆಲ್ಲ ನಾತ.

ಗಂಡಸರ ಚೀಲದಲ್ಲಿ ಧೋತರ ಇರಲೇಬೇಕು. ಗೋಕರ್ಣದ ಮಹಾಬಲೇಶ್ವರನ ದರ್ಶನಕ್ಕೆ ಅಂಗಿ ತೆಗೆದು, ಧೋತರ ಉಟ್ಟು ಹೋಗುವುದು ಅಲ್ಲಿಯ ಪದ್ಧತಿ. ಹಿರಿಯರಿಗೆ ಇದು ದಿನದ ಉಡುಪೇ ಆದ್ದರಿಂದ ಅವರು ಸರಾಗವಾಗಿ ಸಾಲು ಸೇರುತ್ತಾರೆ. ಜೀನ್ಸ್ ತೊಟ್ಟ ಮೊಮ್ಮಕ್ಕಳು ಹೊರಗಿನ ಅಂಗಡಿಯಲ್ಲಿ ಚೌಕಾಸಿ ಮಾಡುತ್ತ ನಿಂತಿರುತ್ತಾರೆ. ಹೊಸ ಧೋತರ ಗಂಜಿಯಲ್ಲಿ ಸೆಟೆದು ಸೊಂಟದಲ್ಲಿ ನಿಲ್ಲದು, ಒಂದು ಕೈ ಗಂಟಿಗೆ, ಇನ್ನೊಂದು ಕೈ ಹಣ್ಣುಕಾಯಿ ಬುಟ್ಟಿಗೆ.

ಬುತ್ತಿಯ ವಿಷಯದಲ್ಲಿ ಈ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮಾದಲಿ, ಶೇಂಗಾ ಹೋಳಿಗೆ, ದಾರಿಗೆ ಚುರುಮುರಿ, ಅದರ ಜೊತೆ ಸವಣೂರಿನ ಖಾರ. ಬದಲಿಸಬೇಕಾದದ್ದು ಕಟ್ಟುವ ಬಗೆಯನ್ನು. ಊರಲ್ಲಿ ಅರಿವೆಯಲ್ಲಿ ಸುತ್ತಿದರೆ ರೊಟ್ಟಿ ಉಸಿರಾಡುತ್ತದೆ, ಒಳ್ಳೆಯದು. ಕರಾವಳಿಯಲ್ಲಿ ಉಸಿರಾಡುವುದೇ ಅದಕ್ಕೆ ಶತ್ರು. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಬೇಕಾದಷ್ಟೇ ತೆಗೆದು ಕೂಡಲೇ ಮುಚ್ಚಬೇಕು. ಖಾರ, ಚುರುಮುರಿಗಳಿಗೂ ಇದೇ ಮದ್ದು. ಶೇಂಗಾ ಚಟ್ನಿಗೆ ಏನೂ ಆಗುವುದಿಲ್ಲ. ಎಣ್ಣೆಯಂಶದ ಪದಾರ್ಥ ನೀರಿಗೆ ಸುಲಭವಾಗಿ ಜಗ್ಗುವುದಿಲ್ಲ. ಮೊಸರನ್ನ ಮಾತ್ರ ಮೊದಲ ಮಧ್ಯಾಹ್ನವೇ ಮುಗಿಯಲಿ.

ಚೀಲ ಕಟ್ಟಿ ಹೊರಟ ಮೇಲೆ ಕಣ್ಣಿಗೆ ಕಾಣುವ ಮೊದಲ ಅಚ್ಚರಿ ಘಟ್ಟ. ಶಿರಸಿ ದಾಟಿ ದೇವಿಮನೆ ಇಳಿಯುವಾಗ ಕಿವಿ ಗುಂಯ್‌ಗುಡುತ್ತದೆ, ಮಕ್ಕಳು ವಾಂತಿ ಮಾಡುತ್ತಾರೆ. ನಿಂಬೆಹಣ್ಣು, ನಾಲ್ಕಾರು ಕವರು, ಖಾಲಿ ಹೊಟ್ಟೆಯೂ ಅಲ್ಲದ ಬಿಗಿ ಹೊಟ್ಟೆಯೂ ಅಲ್ಲದ ನಾಷ್ಟಾ, ಇಷ್ಟು ಸಾಕು. ಈ ರಸ್ತೆಯ ಅಗಲೀಕರಣ ವರ್ಷಗಟ್ಟಲೆ ನಡೆದಿದೆ. ಘಟ್ಟದ ಸಂಚಾರ ಬಂದ್ ಆದದ್ದೂ ಉಂಟು. ಹೊರಡುವ ಹಿಂದಿನ ದಿನ ಬಸ್ ನಿಲ್ದಾಣದಲ್ಲಿ ವಿಚಾರಿಸಿದರೆ ಸುತ್ತುದಾರಿಯ ಸಿಟ್ಟು ತಪ್ಪುತ್ತದೆ.

ಶಿರಸಿಯದ್ದೂ ಒಂದು ಪಂಚಾಂಗವಿದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರುವರಿ-ಮಾರ್ಚ್ ಸುಮಾರಿಗೆ. 2022, 2024ರಂತೆ ಸಮಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ. ಆ ವಾರ ಶಿರಸಿಯಲ್ಲಿ ರೂಮು ಕೇಳುವುದು ವ್ಯರ್ಥ ಪ್ರಯತ್ನ. ಜಾತ್ರೆ ಇಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. ತಂಗಿದರೆ ನಿದ್ದೆಗೆಟ್ಟರೂ ನಷ್ಟವಿಲ್ಲ. ದೇವಿಯ ಮೂರ್ತಿ 17ನೇ ಶತಮಾನದ ಕೊನೆಗೆ ಸಿಕ್ಕಿದ್ದು ಹಾನಗಲ್ ಹಾದಿಯ ಕೆರೆಯಲ್ಲಿ ಎಂಬ ಕಥೆ ಇರುವುದರಿಂದ ಹಾನಗಲ್ಲಿನವರಿಗೆ ಅಲ್ಲಿ ತವರಿನ ಸಲಿಗೆ.

ಒಂದು ಎಚ್ಚರಿಕೆ ಘಟ್ಟದ ಕಾಡಿನದು. ಊಟಕ್ಕೆಂದು ನೆರಳು ಹುಡುಕಿ, ಒಣ ಎಲೆಯ ರಾಶಿಯ ಮೇಲೆ ಜಮಖಾನ ಹಾಸಬಾರದು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಹಾನಗಲ್ಲಿನ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ, ಸಾಗರ, ಹೊನ್ನಾವರದ ಕಾಡಂಚಿನಲ್ಲಿ ಅದರ ಕಾಟ ಜೋರಾಗುವುದು ಇದೇ ಜನವರಿ-ಮಾರ್ಚ್ ತಿಂಗಳುಗಳಲ್ಲಿ. ಹರಡುವುದು ಒಣ ಎಲೆಯಲ್ಲಿ ಅಡಗಿರುವ ಉಣ್ಣೆ ಕಚ್ಚಿ. ಊಟಕ್ಕೆ ಊರೊಳಗಿನ ಕಟ್ಟೆ, ದೇವಸ್ಥಾನದ ಅಂಗಳ ವಾಸಿ. ಮರಳಿ ಬಂದ ವಾರದಲ್ಲಿ ವಿಪರೀತ ಜ್ವರ ಬಂದರೆ ಡಾಕ್ಟರಿಗೆ ‘ಘಟ್ಟದ ಕಾಡಿಗೆ ಹೋಗಿದ್ದೆವು’ ಎಂದು ಹೇಳಲು ಮರೆಯಬಾರದು.

ಈಗ ಸಮುದ್ರ. ಊರ ಹೆಸರಿನಲ್ಲೇ ಬಾವಿ ಇಟ್ಟುಕೊಂಡ ಹಂಸಭಾವಿಯಂಥ ಊರುಗಳಲ್ಲಿ ಈಜು ಕಲಿಯುವುದು ಬಾವಿಯಲ್ಲಿ, ಇಲ್ಲವೇ ಕೆರೆಯಲ್ಲಿ. ಸೊಂಟಕ್ಕೆ ಹಗ್ಗ ಕಟ್ಟಿ ದಡದಿಂದ ಅಪ್ಪ ತಳ್ಳಿದ್ದು ಬಹಳ ಮಂದಿಗೆ ನೆನಪಿದ್ದೀತು. ಹಾಗೆ ಕಲಿತವರ ಧೈರ್ಯವೇ ಸಮುದ್ರದಲ್ಲಿ ಅಪಾಯ. ಬಾವಿಯ ನೀರು ನಿಂತಲ್ಲೇ ನಿಲ್ಲುತ್ತದೆ. ಮದಗ-ಮಾಸೂರಿನಂಥ ದೊಡ್ಡ ಕೆರೆಯೂ ಈಜುಗಾರನನ್ನು ಎಳೆದೊಯ್ಯುವುದಿಲ್ಲ. ಸಮುದ್ರ ಎಳೆದೊಯ್ಯುತ್ತದೆ. ತೆರೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಹಿಂದಿರುಗಲೇಬೇಕಲ್ಲ? ಅದು ಮರಳಿನ ದಿಬ್ಬಗಳ ನಡುವೆ ಎಲ್ಲೋ ಒಂದು ಕಾಲುವೆ ಮಾಡಿಕೊಂಡು ರಭಸದಿಂದ ಒಳಕ್ಕೆ ಹರಿಯುತ್ತದೆ. ಮೋಸ ಇರುವುದು ಅದರ ರೂಪದಲ್ಲಿ. ಎರಡೂ ಬದಿ ತೆರೆ ಒಡೆದು ನೊರೆಯುತ್ತಿರುವಾಗ ಆ ಕಾಲುವೆ ಮಾತ್ರ ಶಾಂತವಾಗಿ, ತುಸು ಕೆಂಚಾಗಿ ಕಾಣುತ್ತದೆ. ‘ಇಲ್ಲಿ ತೆರೆ ಇಲ್ಲ, ಮಕ್ಕಳನ್ನು ಇಲ್ಲೇ ಇಳಿಸೋಣ’ ಎಂದು ಬಯಲುಸೀಮೆಯವರು ಹುಡುಕಿ ಇಳಿಯುವುದು ಅಲ್ಲೇ.

ಆ ಸೆಳೆತ ಕೆಳಕ್ಕೆ ಮುಳುಗಿಸುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದರ ಎದುರು ದಡದತ್ತಲೇ ಕೈ ಬಡಿದವರು ದಣಿದು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿದರೆ ಸೆಳೆತದ ಹೊರಗೆ ಬರಬಹುದು. ಆಗದಿದ್ದರೆ ತೇಲುತ್ತ ಕೈ ಎತ್ತಿ ಕೂಗಬೇಕು. ಉಪ್ಪುನೀರು ಬಾವಿನೀರಿಗಿಂತ ಚೆನ್ನಾಗಿ ತೇಲಿಸುತ್ತದೆ, ಗಾಬರಿಯಾಗದಿದ್ದರೆ. ಆದರೆ ಇದೆಲ್ಲ ಈಜು ಬಲ್ಲವರ ಮಾತು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. ಅವರೂ ಬಯಲುಸೀಮೆಯ ಮಕ್ಕಳು. ದಂಡೆಯಲ್ಲಿ ಕೆಂಪು ಬಾವುಟ ಇದ್ದರೆ ಇಳಿಯಬಾರದು, ಕೆಂಪು-ಹಳದಿ ಬಾವುಟಗಳ ನಡುವೆ ಕಾವಲುಗಾರರ ಕಣ್ಣಿರುತ್ತದೆ, ಅವರ ಸೀಟಿ ಗದರಿಕೆಯಂತೆ ಕೇಳಿದರೂ ಪಾಲಿಸಬೇಕು. ಹೆಣ್ಣುಮಕ್ಕಳು ಉಟ್ಟ ಸೀರೆಯಲ್ಲೇ ನೀರಿಗಿಳಿಯುವುದು ರೂಢಿ. ಆರು ಗಜದ ಸೀರೆ ನೆನೆದರೆ ಕಾಲಿಗೆ ಸುತ್ತಿಕೊಳ್ಳುವ ಬಲೆ. ಮೊಣಕಾಲು ನೀರು ಮೀರುವುದಾದರೆ ಹಳೆಯ ಚೂಡಿದಾರ ಚೀಲದಲ್ಲಿರಲಿ, ಯಾರು ಏನೇ ಅಂದುಕೊಳ್ಳಲಿ.

ಇನ್ನೊಂದು ಸೂಕ್ಷ್ಮ ಹೆಚ್ಚಿನವರ ಲಕ್ಷ್ಯಕ್ಕೆ ಬರುವುದಿಲ್ಲ. ಶಿವರಾತ್ರಿ ಅಮಾವಾಸ್ಯೆಯ ಹೊಸ್ತಿಲಲ್ಲಿ ಬರುವ ಹಬ್ಬ, ಹೋಳಿ ಹುಣ್ಣಿಮೆಯ ಹಬ್ಬ. ಸೂರ್ಯ ಚಂದ್ರ ಒಂದೇ ಸಾಲಿಗೆ ಬಂದು ಕಡಲನ್ನು ಜೋರಾಗಿ ಜಗ್ಗುವ ದಿನಗಳು ಇವೇ. ಅಂದರೆ ಒಳನಾಡಿನವರು ಗುಂಪುಗುಂಪಾಗಿ ದಂಡೆಗೆ ಬರುವ ಹೊತ್ತಿಗೇ ಉಬ್ಬರ ಅತಿ ಮೇಲಕ್ಕೆ, ಇಳಿತ ಅತಿ ಕೆಳಕ್ಕೆ. ಕರಾವಳಿಯವರು ಭರತ-ಇಳಿತ ಎನ್ನುವ ಈ ಏರಿಳಿತ ದಿನಕ್ಕೆರಡು ಸಲ, ಪ್ರತಿದಿನ ಮುಕ್ಕಾಲು ತಾಸಿನಷ್ಟು ಮುಂದಕ್ಕೆ ಸರಿಯುತ್ತ ಹೋಗುತ್ತದೆ. ಒಣ ಮರಳೆಂದು ಚಪ್ಪಲಿ, ಮೊಬೈಲು, ಬುತ್ತಿಯ ಚೀಲ ಇಟ್ಟು ಹೋದ ಜಾಗ ಒಂದು ತಾಸಿನಲ್ಲಿ ನೀರಾಗಿರುತ್ತದೆ. ಹಿಂದಿನ ಉಬ್ಬರ ಬಿಟ್ಟುಹೋದ ಕಸಕಡ್ಡಿಯ ಗೆರೆ ಮರಳಿನ ಮೇಲೆ ಇದ್ದೇ ಇರುತ್ತದೆ. ಸಾಮಾನು ಅದರ ಮೇಲ್ಗಡೆ ಇಡಬೇಕು. ಗೋಕರ್ಣದ ಓಂ ದಂಡೆಯ ಕಪ್ಪು ಬಂಡೆಗಳ ಮೇಲೆ ಫೋಟೊಗೆಂದು ಹತ್ತುವವರು ಇಳಿಯುವ ದಾರಿ ಇನ್ನೂ ಒಣಗಿದೆಯೇ ಎಂದು ಆಗಾಗ ಹಿಂದೆ ತಿರುಗಿ ನೋಡುತ್ತಿರಲಿ. ಪಾಚಿ ಕಟ್ಟಿದ ಬಂಡೆ ಬೆಣ್ಣೆಯಂತೆ ಜಾರುತ್ತದೆ.

ಸಮುದ್ರವೇ ಇಲ್ಲದ ಸೀಮೆಗೂ ಕಡಲಿಗೂ ನಂಟು ಇಲ್ಲ ಎನ್ನಲಾಗದು. ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಇದೇ ಸೀಮೆಯ ಸವಣೂರಿನಲ್ಲಿ, 1909ರಲ್ಲಿ. 1930ರಲ್ಲಿ ಗಾಂಧೀಜಿಯ ಜೊತೆ ದಾಂಡಿಯ ಕಡಲ ತನಕ ನಡೆದ ಮೈಲಾರ ಮಹಾದೇವ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ತರುಣ. ಅದೇ ವರ್ಷದ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲೂ ಉಪ್ಪಿನ ಸತ್ಯಾಗ್ರಹ ನಡೆಯಿತು.

ಆ ಉಪ್ಪನ್ನು ಇಂದಿಗೂ ಕಣ್ಣಾರೆ ನೋಡಬಹುದು. ಗೋಕರ್ಣದ ಹಾದಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಮಳೆಗಾಲದಲ್ಲಿ ಬರೀ ಕೆಸರುಗದ್ದೆಯಂತಿರುವ ಜಾಗ ಬೇಸಿಗೆ ಏರುತ್ತಿದ್ದಂತೆ ಬೆಳ್ಳಗಾಗುತ್ತದೆ. ಅಘನಾಶಿನಿ ಅಳಿವೆಯ ಉಪ್ಪುನೀರನ್ನು ಮಟ್ಟಸವಾದ ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು, ಹರಳುಗಟ್ಟಿದ್ದನ್ನು ಉದ್ದ ಕೋಲಿನ ಹಲಗೆಯಿಂದ ಎಳೆದು ಬದುವಿನ ಮೇಲೆ ಗುಡ್ಡೆ ಹಾಕುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿರುವುದು ಸುಮಾರು 35 ಗ್ರಾಂ ಉಪ್ಪು; ಆ ಗುಡ್ಡೆಗಳ ಹಿಂದೆ ಎಷ್ಟು ನೀರು ಆವಿಯಾಗಿದೆ ಎಂದು ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಜೋಳದ ಕಣದ ರಾಶಿ ಕಂಡ ಕಣ್ಣಿಗೆ ಆ ಬಿಳಿಗುಡ್ಡೆಗಳು ಹೊಸದೆನಿಸವು. ಇದೂ ಸುಗ್ಗಿಯೇ. ಅತ್ತ ಅಂಕೋಲೆ ಸುತ್ತ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವೂ ಹೋಳಿ ಹುಣ್ಣಿಮೆಯ ಹೊತ್ತಿಗೇ, ತಲೆಯ ಮೇಲೆ ಬಣ್ಣದ ತುರಾಯಿ ಕಟ್ಟಿಕೊಂಡು ಮನೆಮನೆಗೆ ಬರುತ್ತದೆ.

ಇದೇ ತಿಂಗಳುಗಳಲ್ಲಿ ದಂಡೆಗೆ ಒಬ್ಬ ಬಸುರಿಯೂ ಬರುತ್ತಾಳೆ: ಆಲಿವ್ ರಿಡ್ಲೆ ಕಡಲಾಮೆ. ಹೊನ್ನಾವರದ ಕಾಸರಕೋಡು ಟೊಂಕ, ಕಾರವಾರದ ದೇವಬಾಗ ಕಡೆ ರಾತ್ರಿ ಮರಳು ಅಗೆದು ಮೊಟ್ಟೆ ಇಟ್ಟು ಕಡಲಿಗೆ ಮರಳುತ್ತದೆ. ಒಂದೂವರೆ ಎರಡು ತಿಂಗಳಿಗೆ ಮರಿ. ಅರಣ್ಯ ಇಲಾಖೆಯವರು ಗೂಡಿಗೆ ಬಲೆಯ ಬೇಲಿ ಕಟ್ಟಿರುತ್ತಾರೆ. ಮಕ್ಕಳು ಆಟವಾಡಲು ಅದನ್ನು ಕೀಳದಂತೆ, ರಾತ್ರಿ ಬ್ಯಾಟರಿ ಬೆಳಕು ಹಾಯಿಸದಂತೆ ನೋಡಿಕೊಂಡರಾಯಿತು. ಕಾಸರಕೋಡಿನ ದಂಡೆಗೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಸಿಕ್ಕಿದೆ; ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಇರುವುದರಿಂದ ಸಂಸಾರ ಸಮೇತ ಹೋಗುವವರಿಗೆ ಅನುಕೂಲ.

ಊಟದ ಚಿಂತೆ ಕಾಯಿಪಲ್ಲೆಯವರಿಗೆ ಜಾಸ್ತಿ. ಬಂಗಡೆ, ಸಿಗಡಿಯ ಪರಿಮಳ ದಾಟಿಕೊಂಡೇ ಬೀದಿ ನಡೆಯಬೇಕು. ಆದರೆ ಗೋಕರ್ಣ, ಕುಮಟಾಗಳಲ್ಲಿ ಸಸ್ಯಾಹಾರಿ ಊಟಕ್ಕೆ ಕೊರತೆ ಇಲ್ಲ. ಎಲ್ಲದರಲ್ಲೂ ತೆಂಗಿನಕಾಯಿ ಇರುತ್ತದೆ, ಖಾರ ಕಡಿಮೆ. ಅದಕ್ಕೇ ಚಟ್ನಿಪುಡಿ ಚೀಲದಲ್ಲಿರಬೇಕಾದ್ದು. ಕುಚಲಕ್ಕಿ ಅನ್ನ ಮೊದಲ ತುತ್ತಿಗೆ ಬೇಯದ್ದೆನಿಸುತ್ತದೆ, ಮೂರನೆಯ ತುತ್ತಿಗೆ ಒಗ್ಗುತ್ತದೆ. ಮುರುಗಲ ಕಡಿ ಸಿಕ್ಕರೆ ಬಿಡಬಾರದು. ಬೆವರಿ ಕಳೆದ ಉಪ್ಪು-ನೀರಿಗೆ ಎಳನೀರು, ಮಜ್ಜಿಗೆ, ಜೊತೆಗೆ ಒ.ಆರ್.ಎಸ್. ಪೊಟ್ಟಣ ಎರಡು.

ಮರಳುವ ದಾರಿಯಲ್ಲಿ, ಹೋಳಿಯ ಹೊತ್ತಿಗಾದರೆ, ಕುಮಟಾ ಸಮೀಪದ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತಿರುತ್ತವೆ. ಎಲೆಯ ಸಮೇತ ಜಡೆಯಂತೆ ಹೆಣೆದು ಬಿದಿರ ಗಳಕ್ಕೆ ಇಳಿಬಿಟ್ಟದ್ದು. ತಮ್ಮ ಹೊಲದಲ್ಲೇ ಲಾರಿಗಟ್ಟಲೆ ಉಳ್ಳಾಗಡ್ಡಿ ಬೆಳೆಯುವ ಹಾವೇರಿ ಜಿಲ್ಲೆಯವರು ಅದನ್ನು ಚೌಕಾಸಿ ಮಾಡಿ ಕೊಳ್ಳುವುದನ್ನು ನೋಡಬೇಕು. ಬಸ್ಸಿನ ಸಾಮಾನು ಕಂಬಿಗೆ ಗೊಂಚಲು ಕಟ್ಟಿ, ಘಟ್ಟದ ಪ್ರತಿ ತಿರುವಿನಲ್ಲಿ ಅದು ಯಾರ ತಲೆಗೆ ಬಡಿಯುತ್ತದೋ ಎಂದು ಕೈ ಅಡ್ಡ ಹಿಡಿದು ಕೂತಿರುತ್ತಾರೆ. ಹಾನಗಲ್ ದಾಟುವ ಹೊತ್ತಿಗೆ ಕಿಟಕಿಯ ಗಾಳಿ ಒಣಗುತ್ತದೆ. ಬುತ್ತಿಯ ಗಂಟಿನ ತಳದಲ್ಲಿ ಉಳಿದ ಎರಡು ರೊಟ್ಟಿಯನ್ನು ಯಾರೋ ಹೊರತೆಗೆದು ಮುರಿಯಲು ನೋಡುತ್ತಾರೆ. ಇನ್ನೂ ಬಾಗುತ್ತದೆ. ನಾಳೆ ಬೆಳಿಗ್ಗೆ ಹಂಚಿನ ಮೇಲೆ ಒಂದಿಷ್ಟು ಹೊತ್ತು ಇಡಬೇಕು.